ಜೂನ್ ಒಂದರ ಮಕ್ಕಳು ನಾವು: 'ದಾಖಲೆ ಇಲ್ಲ' ಅಂತ ಬರೆದುಕೊಡಲು ಸರ್ಕಾರಕ್ಕೆ ಏನು ಕಷ್ಟ?

ಪ್ರತಿ ವರ್ಷ ಜೂನ್ 1ರ ಬೆಳಿಗ್ಗೆ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪ್ ನೋಡಬೇಕು. ಕೇಕಿನ ಚಿತ್ರ, ಹೂವಿನ ಚಿತ್ರ, 'ಹ್ಯಾಪಿ ಬರ್ತ್‌ಡೇ ದೋಸ್ತ'. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನೋದೇ ತಿಳಿಯುವುದಿಲ್ಲ. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಜನ ಹುಟ್ಟಿದ್ದು ಅವತ್ತೇ. ನಾನೂ ಅವತ್ತೇ.

ಹೀಗೆ ಇಡೀ ಊರಿನ ಮಕ್ಕಳು ಒಂದೇ ದಿನ ಹುಟ್ಟಿದ್ದು ಹೇಗೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ಶಾಲೆ ಶುರುವಾಗುವ ದಿನ ಅಪ್ಪನೋ ಅಜ್ಜನೋ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಹೆಡ್‌ಮಾಸ್ತರು 'ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು' ಅನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. 'ಯಾವಾಗ ಹುಟ್ಟಿದ್ದು?' ಅಂದರೆ ಅಪ್ಪ 'ಸೀಗಿ ಹುಣ್ಣಿಮಿ ಆಜೂಬಾಜೂರಿ' ಅನ್ನುತ್ತಿದ್ದ. ದಾಖಲಾತಿ ಪುಸ್ತಕದಲ್ಲಿ ಸೀಗಿ ಹುಣ್ಣಿಮೆಗೆ ಕಾಲಂ ಇರಲಿಲ್ಲ. ಜೂನ್ 1ಕ್ಕೆ ವಯಸ್ಸು ಸರಿಹೊಂದಬೇಕಿತ್ತು. ಮಾಸ್ತರು 1-6 ಅಂತ ಬರೆದು, ಹಿಂದೆ ಒಂದು ವರ್ಷ ಸೇರಿಸಿ ಮುಗಿಸಿದರು.

ಇದು ಊರಿನೊಳಗೆ ಇರುವವರೆಗೂ ನಗುವ ಮಾತು. ಹೊರದೇಶದಿಂದ ಒಂದು ಕಾಗದ ಬಂದ ದಿನ ಅದು ನಗುವ ಮಾತಾಗಿ ಉಳಿಯುವುದಿಲ್ಲ. ಹೋದ ವರ್ಷ ನಮ್ಮ ಮನೆಗೆ ಅಂಥ ಕಾಗದ ಬಂತು.

ಮೂರು ಜನ, ಮೂರು ತಕರಾರು

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಅಮೆರಿಕದಲ್ಲಿದ್ದಾನೆ. ಅಲ್ಲಿನ ಪೌರತ್ವವೂ ಸಿಕ್ಕಿದೆ. ದೊಡ್ಡವ್ವಗೆ ಶುಗರ್, ಮೊಣಕಾಲು ನೋವು. ದೊಡ್ಡಪ್ಪನಿಗೆ ಒಂದು ಕಣ್ಣು ಮಂಜು. ಊರಲ್ಲಿ ಇಬ್ಬರೇ. ಹೀಗಾಗಿ ತಂದೆತಾಯಿಯನ್ನು ಕಾಯಂ ಕರೆಸಿಕೊಳ್ಳಲು ಅಣ್ಣ ಅರ್ಜಿ ಹಾಕಿದ. ಅಮೆರಿಕದ ಪ್ರಜೆಯಾದ ಮಗ ತಂದೆತಾಯಿಗಾಗಿ ಹೀಗೆ ಅರ್ಜಿ ಹಾಕಬಹುದು. ಅದಕ್ಕೆ ಮಗನ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ತಂದೆತಾಯಿ ಹೆಸರು ಇರಬೇಕು. ಆಮೇಲೆ ಮುಂಬೈನ ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ಹೋಗುವಾಗ ತಂದೆತಾಯಿಯ ಜನನ ಪ್ರಮಾಣಪತ್ರವೂ ಬೇಕು.

ದೊಡ್ಡಪ್ಪನಿಗೆ ಜನನ ದಾಖಲೆಯೇ ಇಲ್ಲ. ಮುಲ್ಕಿವರೆಗೆ ಓದಿದವರು. ಶಾಲೆಯ ಟಿಸಿಯಲ್ಲಿ 1-6-1952 ಅಂತಿದೆ, ಪಾಸ್‌ಪೋರ್ಟಿನಲ್ಲೂ ಅದೇ. ದೊಡ್ಡವ್ವನ ತಕರಾರು ಬೇರೆ. ಅಣ್ಣನ ಜನನ ದಾಖಲೆಯಲ್ಲಿ ಆಕೆಯ ಹೆಸರಿನ ಕೊನೆಗೆ 'ಅವ್ವ' ಇದೆ, ಪಾಸ್‌ಪೋರ್ಟಿನಲ್ಲಿ 'ಅಮ್ಮ' ಆಗಿದೆ. ಊರಿನವರಿಗೆ ಗಂಗವ್ವ, ಗಂಗಮ್ಮ ಎರಡೂ ಒಂದೇ. ಇಂಗ್ಲಿಷ್ ಅಕ್ಷರ ಎಣಿಸಿ ನೋಡುವ ಅಧಿಕಾರಿಗೆ ಅವರು ಇಬ್ಬರು ಹೆಂಗಸರು.

ಮೂರನೆಯ ತಕರಾರು ನನ್ನದೇ. ಅದನ್ನು ಆಮೇಲೆ ಹೇಳುತ್ತೇನೆ.

'ಇಲ್ಲದ್ದನ್ನ ಇಲ್ಲ ಅಂತ ಹೆಂಗ ಬರದು ಕೊಡೂಣು?'

ದೊಡ್ಡಪ್ಪನ ಜನನ ದಾಖಲೆ ಇಲ್ಲದಿರುವುದು ದೊಡ್ಡ ಸಮಸ್ಯೆಯೇ ಅಲ್ಲ. ನಾನು ಮೊದಲು ಅರ್ಥ ಮಾಡಿಕೊಳ್ಳಬೇಕಾಗಿದ್ದದ್ದು ಅದನ್ನು.

ನಮ್ಮ ದೇಶದಲ್ಲಿ ಪ್ರತಿ ಜನನವನ್ನೂ ನೋಂದಾಯಿಸಲೇಬೇಕು ಅನ್ನುವ ಕಾಯ್ದೆ ಬಂದದ್ದು 1969ರಲ್ಲಿ. ಬಹುತೇಕ ರಾಜ್ಯಗಳಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು 1886ರ ಕಾಯ್ದೆಯೊಂದಿತ್ತು. ಅದರಡಿ ನೋಂದಣಿ ಜನರ ಇಷ್ಟಕ್ಕೆ ಬಿಟ್ಟದ್ದು. ಈ ಸಂಗತಿ ಅಮೆರಿಕ ಸರ್ಕಾರಕ್ಕೂ ಗೊತ್ತು. ಭಾರತದಲ್ಲಿ ಯಾವ ದಾಖಲೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ಅವರ ವಿದೇಶಾಂಗ ಇಲಾಖೆಯೇ ಪಟ್ಟಿ ಮಾಡಿ ಇಟ್ಟಿದೆ. ಜನನ ದಾಖಲೆ ಇಲ್ಲದವರು ಏನು ಕೊಡಬೇಕು ಅಂತಲೂ ಹೇಳಿದೆ. ಒಂದು, 'ದಾಖಲೆ ಲಭ್ಯವಿಲ್ಲ' ಅಂತ ನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ. ಎರಡು, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್. ಜೊತೆಗೆ ಶಾಲೆಯ ದಾಖಲೆಯಂಥ ಹಳೆಯ ಕಾಗದ.

ಅಂದರೆ ಅಷ್ಟು ದೂರದ ಸರ್ಕಾರವೊಂದು 'ನಿಮ್ಮಲ್ಲಿ ಇಲ್ಲದಿರಬಹುದು, ಇಲ್ಲ ಅಂತ ಬರೆಸಿಕೊಂಡು ಬನ್ನಿ' ಅನ್ನುತ್ತಿದೆ. ಇಲ್ಲ ಅಂತ ಬರೆದುಕೊಡಬೇಕಾದದ್ದು ನಮ್ಮದೇ ತಾಲ್ಲೂಕು ಕಚೇರಿ.

ಹೋದೆವು. ದೊಡ್ಡಪ್ಪ, ನಾನು. ಹಳೆಯ ರಿಜಿಸ್ಟರ್‌ಗಳಿರುವ ಕೋಣೆಯ ಗುಮಾಸ್ತರು ಕೆಟ್ಟವರಲ್ಲ, ಚಹಾನೂ ಕೊಡಿಸಿದರು. ಆದರೆ ಮಾತು ಮಾತ್ರ ಇದು: 'ಇದ್ರ ಇದ್ದದ್ದು ಬರದು ಕೊಡ್ತೀವ್ರಿ. ಇಲ್ಲದ್ದನ್ನ ಇಲ್ಲ ಅಂತ ಹೆಂಗ ಬರದು ಕೊಡೂಣು? ನಾಳೆ ಎಲ್ಲೆರ ಸಿಕ್ಕಿತಂದ್ರ ನಮ್ಮ ಕುತ್ತಿಗಿಗೆ ಬರತೈತಿ. ಕೋರ್ಟಿಗೆ ಹೋಗ್ರಿ.'

ದೊಡ್ಡಪ್ಪ ಸುಮ್ಮನೆ ಕೂತಿದ್ದವರು ನನ್ನ ಕಡೆ ತಿರುಗಿ ಕೇಳಿದರು: 'ಎಪ್ಪತ್ತು ದಾಟೇತಿ ತಮ್ಮಾ. ನಾ ಹುಟ್ಟೇನಿ ಅನ್ನೂದಕ್ಕ ನಾನ ಸಾಕ್ಷಿ ಅಲ್ಲೇನು?'

ಗುಮಾಸ್ತರಿಗೆ ಗೊತ್ತಿಲ್ಲದ, ಅಥವಾ ಗೊತ್ತಿದ್ದೂ ಹೇಳದ ಸಂಗತಿ ಇಷ್ಟು. ಜನನ-ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಬಹುದು. ಹುಡುಕಿದಾಗ ಸಿಗದಿದ್ದರೆ 'ಲಭ್ಯವಿಲ್ಲ' ಅನ್ನುವ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ನಿಯಮದಲ್ಲೇ ಅಚ್ಚಾದ ನಮೂನೆ ಇದೆ, ನಮೂನೆ 10. ಇದಕ್ಕೆ ಕೋರ್ಟು ಬೇಡ, ವಕೀಲರು ಬೇಡ. ಆ ಕಾಗದ 'ಈ ಮನುಷ್ಯ ಹುಟ್ಟಿಲ್ಲ' ಅನ್ನುವುದಿಲ್ಲ. 'ನಮ್ಮ ಪುಸ್ತಕದಲ್ಲಿ ಹುಡುಕಿದೆವು, ಸಿಗಲಿಲ್ಲ' ಅನ್ನುತ್ತದೆ. ಅಷ್ಟನ್ನು ಬರೆಯಲು ಕೈ ನಡುಗಬೇಕಾದ ಕಾರಣ ಏನು?

ಬಾಗಿಲ ಹೊರಗಿನ ಅಂಗಡಿ

ಒಳಗೆ 'ಇಲ್ಲ' ಅಂತ ಬರೆದುಕೊಡದಿದ್ದರೆ ಹೊರಗೆ 'ಇದೆ' ಅಂತ ಬರೆದುಕೊಡುವ ಅಂಗಡಿ ನಡೆಯುತ್ತದೆ.

ಕಚೇರಿ ಕಾಂಪೌಂಡಿನ ಹೊರಗೆ, ಜೆರಾಕ್ಸ್ ಅಂಗಡಿ ಪಕ್ಕದಲ್ಲಿ ನಿಂತಿದ್ದ ಏಜೆಂಟ್ ನಮ್ಮ ಮುಖ ನೋಡಿಯೇ ಕಥೆ ಓದಿದ. 'ಅಣ್ಣಾರ, ಇಲ್ಲ ಅನ್ನೂ ಕಾಗದ ತಗೊಂಡು ಏನ್ ಮಾಡ್ತೀರಿ? ಐತಿ ಅನ್ನೂ ಕಾಗದನ ಮಾಡಿಸಿ ಕೊಡ್ತೀನಿ. ಪಾಸ್‌ಪೋರ್ಟಿನ್ಯಾಗ ಏನೈತಿ ಹೇಳ್ರಿ, ಅದಕ್ಕ ಮ್ಯಾಚ್ ಮಾಡಸೂಣು.' ರೇಟು 8,000 ರೂಪಾಯಿ.

ಈ 'ಮ್ಯಾಚ್' ಅನ್ನುವ ಪದದ ಮೇಲೆಯೇ ನನ್ನ ಜಗಳ.

ನಮ್ಮ ಊರುಗಳಿಂದ ನರ್ಸ್ ಕೆಲಸಕ್ಕೆ, ಡ್ರೈವಿಂಗ್‌ಗೆ, ಓದಲು, ಗಂಡನ ಹತ್ತಿರ, ಮಗನ ಹತ್ತಿರ ಹೊರದೇಶಕ್ಕೆ ಹೋಗುವವರು ಈಗ ಕಡಿಮೆ ಇಲ್ಲ. ಅವರಿಗೆಲ್ಲ ಯಾರೋ ಒಬ್ಬರು ಹೇಳಿರುತ್ತಾರೆ: ಎಲ್ಲ ಕಾಗದದಲ್ಲೂ ಒಂದೇ ದಿನಾಂಕ, ಒಂದೇ ಹೆಸರು ಇರಬೇಕು, ಹೇಗಾದರೂ ಮಾಡಿ ಹೊಂದಿಸಿ. ಹೊಂದಿಸುವ ಗಡಿಬಿಡಿಯಲ್ಲಿ ನಿಜ ಇದ್ದ ಕಾಗದ ಹೋಗಿ ಸುಳ್ಳಿನ ಕಾಗದ ಬರುತ್ತದೆ. ಇಲ್ಲದ ದಾಖಲೆಯಿಂದ ಅರ್ಜಿ ತಡವಾಗಬಹುದು. ಹುಟ್ಟಿಸಿದ ದಾಖಲೆಯಿಂದ ಬಾಗಿಲೇ ಮುಚ್ಚಬಹುದು.

ಯಾಕೆ ಅಂತ ಕೇಳಿ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕ ಮಾತ್ರ ಇರುವುದಿಲ್ಲ, ನೋಂದಣಿ ಮಾಡಿದ ದಿನಾಂಕವೂ ಇರುತ್ತದೆ. 1952ರಲ್ಲಿ ಹುಟ್ಟಿದವರ ನೋಂದಣಿ ಹೋದ ತಿಂಗಳು ಆಗಿದ್ದರೆ ಅಧಿಕಾರಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ತಡವಾಗಿ ನೋಂದಾಯಿಸುವುದು ತಪ್ಪಲ್ಲ, ಕಾನೂನೇ ಅವಕಾಶ ಕೊಟ್ಟಿದೆ. ಆದರೆ 70 ವರ್ಷ ತಡವಾದ ಕಾಗದವನ್ನು ಅಧಿಕಾರಿ ಒಂದೇ ಮಾತಿಗೆ ನಂಬುವುದಿಲ್ಲ. 'ಇದಕ್ಕೆ ಆಧಾರವಾಗಿ ಹಳೆಯದು ಏನಿದೆ?' ಅಂತ ಕೇಳುತ್ತಾರೆ. ಆಗ ತೋರಿಸಬೇಕಾದದ್ದು ಮತ್ತೆ ಅದೇ ಶಾಲೆಯ ಟಿಸಿ, ಅದೇ ಹಿರಿಯರ ಅಫಿಡವಿಟ್. 8,000 ಕೊಟ್ಟು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದ ಹಾಗೆ.

ಇನ್ನು ಅದು ರಿಜಿಸ್ಟರ್‌ನಲ್ಲೇ ಇಲ್ಲದ ಖೋಟಾ ಕಾಗದವಾಗಿದ್ದರೆ? ಅಮೆರಿಕದ ವಲಸೆ ಕಾನೂನಿನಲ್ಲಿ ಬೇಕೆಂದೇ ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದವರಿಗೆ ಜೀವನಪೂರ್ತಿ ಪ್ರವೇಶ ನಿಷೇಧ ಆಗಬಹುದು, ವಿನಾಯಿತಿ ಸಿಗುವುದು ಕೆಲವರಿಗೆ ಮಾತ್ರ. ಕೆನಡಾದಲ್ಲಿ ಸುಳ್ಳು ಮಾಹಿತಿಗೆ 5 ವರ್ಷ ನಿಷೇಧ. ನಮ್ಮದೇ 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಪಡೆದವರಿಗೆ 2 ವರ್ಷದವರೆಗೆ ಜೈಲು ಇದೆ. ಏಜೆಂಟ್ 8,000 ಎಣಿಸಿಕೊಂಡು ಮುಂದಿನ ಗಿರಾಕಿ ಹತ್ತಿರ ಹೋಗುತ್ತಾನೆ. ಸಂದರ್ಶನದ ಕಿಟಕಿ ಮುಂದೆ ನಿಲ್ಲುವವರು ದೊಡ್ಡಪ್ಪ, ದೊಡ್ಡವ್ವ.

ರಿಜಿಸ್ಟರ್‌ನಲ್ಲಿ ನಾನು

ಈಗ ಮೂರನೆಯ ತಕರಾರು. ದೊಡ್ಡಪ್ಪನ ವರ್ಷದ ಪುಸ್ತಕ ಹುಡುಕುವಾಗ ಕುತೂಹಲಕ್ಕೆ 'ನಂದೂ ನೋಡ್ರಿ' ಅಂದೆ. ಸಿಕ್ಕಿತು. ಊರಿನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು ಎಲ್ಲ ಸರಿ. ಮಗುವಿನ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ 'ಗಂಡು' ಅಂತಷ್ಟೇ. ದಿನಾಂಕ ಮಾರ್ಚ್ ತಿಂಗಳಿನದು.

ಮೂವತ್ತು ದಾಟಿದ ಮೇಲೆ ನಾನು ಹುಟ್ಟಿದ ದಿನ ನನಗೆ ಗೊತ್ತಾಯಿತು. ಮನೆಗೆ ಬಂದು ಅವ್ವಗೆ ಹೇಳಿದರೆ, 'ಹೌದೋ, ಹೋಳಿ ಹುಣ್ಣಿಮಿ ದಾಟಿತ್ತು, ನಾ ಹೇಳಿದ್ನೆಲ್ಲ' ಅಂದಳು. ಹೇಳಿದ್ದಳು. ನಾವು ಮಾರ್ಕ್ಸ್‌ಕಾರ್ಡ್ ನಂಬಿದ್ದೆವು.

ಹೆಸರಿಲ್ಲದ ದಾಖಲೆ ನನ್ನೊಬ್ಬನದಲ್ಲ. ಹುಟ್ಟಿದ ವಾರದೊಳಗೆ ಆಸ್ಪತ್ರೆಯವರೋ ಗ್ರಾಮ ಲೆಕ್ಕಿಗರೋ ಬರೆದುಕೊಳ್ಳುತ್ತಿದ್ದರು, ತೊಟ್ಟಿಲಿಗೆ ಹಾಕಿ ಹೆಸರಿಡುವುದು ಆಮೇಲೆ. ಹೆಸರು ಸೇರಿಸಲು ಯಾರೂ ತಿರುಗಿ ಹೋಗಲಿಲ್ಲ. ಕಾನೂನಿನಲ್ಲಿ ಮೊದಲ 12 ತಿಂಗಳು ಹೆಸರು ಸೇರಿಸುವುದು ಉಚಿತ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಇದನ್ನು ನಮ್ಮ ಅಪ್ಪಂದಿರಿಗೆ ಹೇಳಿದವರು ಯಾರು?

ಈಗ ನಾನು ಹೊರದೇಶಕ್ಕೆ ಅರ್ಜಿ ಹಾಕಿದರೆ ನನ್ನ ಮುಂದೆ ಎರಡು ದಾರಿ. ಒಂದು, 'ರಿಜಿಸ್ಟರ್‌ನ ಮಾರ್ಚ್ ತಪ್ಪು, ಜೂನ್ ಸರಿ' ಅಂತ ಹೇಳಿ ಜನನ ದಾಖಲೆಯನ್ನು ತಿದ್ದಿಸುವುದು. ಇನ್ನೊಂದು, ಮಾರ್ಚ್ ನಿಜ ಅಂತ ಒಪ್ಪಿಕೊಂಡು ಮಾರ್ಕ್ಸ್‌ಕಾರ್ಡ್, ಪಾಸ್‌ಪೋರ್ಟ್ ಸರಿಪಡಿಸಲು ಓಡಾಡುವುದು. ಮೊದಲನೆಯದು ಸುಲಭ ಅಂತ ಏಜೆಂಟ್ ಹೇಳುತ್ತಾನೆ. ಆದರೆ ಕಾಯ್ದೆಯ 15ನೇ ಸೆಕ್ಷನ್ ಇರುವುದು ತಪ್ಪು ನಮೂದನ್ನು ಸರಿ ಮಾಡಲು. ಸರಿ ಇದ್ದ ನಮೂದನ್ನು ತಪ್ಪು ಮಾಡಲು ಅಲ್ಲ. ನಾನು ಹುಟ್ಟಿದ ವಾರದಲ್ಲಿ ಬರೆದಿಟ್ಟ ಒಂದೇ ಒಂದು ಸಾಲು ಅದು. ಕಿವಿ ಮುಟ್ಟಿಸಿ ಬರೆದ ದಿನಾಂಕಕ್ಕಾಗಿ ಅದನ್ನು ಅಳಿಸಬೇಕೇ?

ಒಂದೊಂದು ಕಚೇರಿ ಒಂದೊಂದು ಮಾತು

ಆಧಾರ್‌ನಲ್ಲಿ ಇರುವುದು ಹುಟ್ಟಿದ ದಿನಾಂಕಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಪ್ರಾಧಿಕಾರವೇ 2023ರ ಡಿಸೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. 2024ರ ಜನವರಿಯಲ್ಲಿ ಭವಿಷ್ಯ ನಿಧಿಯವರೂ ಅದನ್ನು ಪಟ್ಟಿಯಿಂದ ತೆಗೆದರು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ವಯಸ್ಸಿಗೆ ಆಧಾರ್ ಬದಲು ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಒಪ್ಪಿತು. ಹೊರದೇಶದ ಕಚೇರಿ 'ಶಾಲೆಯದ್ದು ಆಮೇಲೆ, ಜನನ ಪ್ರಮಾಣಪತ್ರ ಮೊದಲು' ಅನ್ನುತ್ತದೆ.

ಪಾಸ್‌ಪೋರ್ಟಿನ ನಿಯಮವೂ ತಿರುಗುತ್ತ ಬಂದಿದೆ. 1989ರ ಜನವರಿ 26ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕು ಅಂತಿತ್ತು. 2016ರ ಡಿಸೆಂಬರ್‌ನಲ್ಲಿ ಅದನ್ನು ಸಡಿಲಿಸಿ ಟಿಸಿ, ಪ್ಯಾನ್ ಮುಂತಾದವನ್ನೂ ಒಪ್ಪಿದರು. 2025ರಲ್ಲಿ ಮತ್ತೆ ಬದಲಾಯಿತು: 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಟಿಸಿ ತೋರಿಸಿ ಪಾಸ್‌ಪೋರ್ಟ್ ಪಡೆದವರು ವಲಸೆಗೆ ಅರ್ಜಿ ಹಾಕಿದಾಗಲೇ ಜನನ ಪ್ರಮಾಣಪತ್ರ ಹುಡುಕಲು ಶುರು ಮಾಡುವುದು. ತಪ್ಪು ಗೊತ್ತಾಗುವುದೇ ಆಗ.

ಹೆಸರಿನ ಕಥೆಯೂ ಇಷ್ಟೇ. ನಮ್ಮಲ್ಲಿ ಕೆಲವರಿಗೆ ಒಂದೇ ಹೆಸರು, ಕೆಲವರಿಗೆ ಮುಂದೆ ಎರಡು ಇನಿಷಿಯಲ್, ಕೆಲವರಿಗೆ ಹಿಂದೆ ಮನೆತನದ ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಎರಡು ಪೆಟ್ಟಿಗೆ ಇರುತ್ತವೆ, ಕೊಟ್ಟ ಹೆಸರು ಮತ್ತು ಅಡ್ಡಹೆಸರು. ಒಂದನ್ನು ಖಾಲಿ ಬಿಟ್ಟರೆ ಮುಂದೆ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಬರಬೇಡಿ ಅಂದಿತು. ಅಮೆರಿಕದ ವೀಸಾದಲ್ಲಿ ಕೊಟ್ಟ ಹೆಸರಿನ ಪೆಟ್ಟಿಗೆ ಖಾಲಿ ಇದ್ದರೆ 'ಎಫ್ಎನ್‌ಯು' ಅಂತ ಹಾಕುತ್ತಾರೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅವ್ವ-ಅಪ್ಪ ತೊಟ್ಟಿಲು ತೂಗಿ ಕಿವಿಯಲ್ಲಿ ಕೂಗಿ ಇಟ್ಟ ಹೆಸರು ಅದು.

'ನಿಯಮ ಬಿಗಿ ಇರಬೇಕಲ್ಲವೇ?'

ಇರಬೇಕು. ಇದನ್ನು ಕೇಳುವ ಅಧಿಕಾರಿಗಳ ಮಾತಿನಲ್ಲಿ ಹುರುಳಿದೆ. ಜನನ ದಾಖಲೆ ಸಡಿಲವಾದರೆ ಬಾಲ್ಯವಿವಾಹ ಮುಚ್ಚಿಡಬಹುದು, ವಯಸ್ಸು ಕದ್ದು ನೌಕರಿ ಹಿಡಿಯಬಹುದು, ಬೇರೆಯವರ ಹೆಸರಲ್ಲಿ ದೇಶ ದಾಟಬಹುದು. ಒಂದು ವರ್ಷ ಮೀರಿದ ಜನನವನ್ನು ಹೊಸದಾಗಿ ಬರೆಯುವ ಮೊದಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು ಅನ್ನುವುದು ಅದಕ್ಕೇ. ಮೊದಲು ಅದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸವಾಗಿತ್ತು. 2023ರ ತಿದ್ದುಪಡಿಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ಬಂದಿದೆ. ಆ ಬಿಗಿ ಇರಲಿ.

ಆದರೆ 'ಇಲ್ಲ' ಅನ್ನುವ ಪ್ರಮಾಣಪತ್ರದಿಂದ ಯಾರು ಏನು ಕದಿಯಲು ಆಗುತ್ತದೆ? ಅದು ಹೊಸ ವಯಸ್ಸು ಕೊಡುವುದಿಲ್ಲ, ಹೊಸ ಹೆಸರು ಕೊಡುವುದಿಲ್ಲ. ಪುಸ್ತಕ ತೆಗೆದು ನೋಡಿದೆವು ಅನ್ನುತ್ತದೆ ಅಷ್ಟೇ. ಆ ಕಾಗದಕ್ಕೂ ಕೋರ್ಟು ತೋರಿಸುವುದು ಬಿಗಿಯಲ್ಲ, ಪುಸ್ತಕ ತೆಗೆಯುವ ಬೇಸರ. ನಿಜದ ದಾರಿಯಲ್ಲಿ ಹೀಗೆ ಕಲ್ಲು ಇಟ್ಟರೆ ಜನ ಏಜೆಂಟಿನ ದಾರಿ ಹಿಡಿಯುತ್ತಾರೆ. ತಡೆಯಬೇಕಾದ ಖೋಟಾ ಕಾಗದವನ್ನು ಕಚೇರಿಯೇ ಸಾಕಿದಂತೆ.

ಇನ್ನು ಕೆಲವರು ಕೇಳಬಹುದು: ಅಮೆರಿಕಕ್ಕೆ ಹೋಗೋರ ಗೋಳು ನಮಗ್ಯಾಕೆ? ನಿಮ್ಮದೂ ಇದೇ ಗೋಳು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ತುಂಬಿರಬೇಕು. ದುಡಿದು ಸೊಂಟ ಬಾಗಿದ ಎಷ್ಟು ಅಜ್ಜಿಯರ ವಯಸ್ಸು ಕಾಗದದಲ್ಲಿ ಇನ್ನೂ 65 ಆಗಿಲ್ಲ ಅಂತ ನಿಮ್ಮ ಓಣಿಯಲ್ಲೇ ಕೇಳಿ ನೋಡಿ.

ಇದು ಮುದುಕರ ಕಥೆ ಮಾತ್ರವೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಜನನ ನೋಂದಣಿ ಆಗಿದ್ದು ಶೇ 41 ಮಾತ್ರ. 2019-21ರ ಹೊತ್ತಿಗೆ ಅದು ಶೇ 89 ಆಯಿತು, ಸಂತೋಷ. ಆದರೆ ಆ ಮೊದಲಿನ ಸಮೀಕ್ಷೆಯ ಮಕ್ಕಳೇ ಈಗ ಇಪ್ಪತ್ತರ ಆಸುಪಾಸಿನಲ್ಲಿ ನರ್ಸಿಂಗ್ ಮುಗಿಸಿ, ಡಿಪ್ಲೊಮಾ ಮುಗಿಸಿ ಹೊರದೇಶಕ್ಕೆ ಅರ್ಜಿ ಹಾಕುತ್ತಿರುವವರು. ಕಾಯ್ದೆ ಬಂದು 35 ವರ್ಷವಾದ ಮೇಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಬರೆದುಕೊಳ್ಳದ ವ್ಯವಸ್ಥೆ, ಈಗ ಅದೇ ಮಕ್ಕಳಿಗೆ 'ನಿನ್ನ ದಾಖಲೆ ಎಲ್ಲಿ?' ಅಂತ ಕೇಳುವುದಕ್ಕೆ ನಾಚಬೇಕು.

ಹಾಗಾದರೆ ಮಾಡುವುದೇನು?

ನಾವು ಎಡವಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಜನನ ರಿಜಿಸ್ಟರ್ ಹುಡುಕಿಸಿ. ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿಯಲ್ಲಿರುತ್ತವೆ. ತಾಯಿಯ ತವರೂರಿನಲ್ಲಿ ಹುಟ್ಟಿದ್ದರೆ ಆ ತಾಲ್ಲೂಕಿನಲ್ಲಿ ಹುಡುಕಿಸಬೇಕು. ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ. ಮೊದಲ ಹೆರಿಗೆ ತವರಿನಲ್ಲಿ ಆಗುವ ನಮ್ಮಲ್ಲಿ ಎಷ್ಟೋ ಜನ ತಪ್ಪು ಕಚೇರಿಯಲ್ಲಿ ಹುಡುಕಿ 'ಇಲ್ಲ' ಅಂದುಕೊಂಡಿದ್ದಾರೆ.

2. ಬಾಯಿಮಾತಿನಲ್ಲಿ ಕೇಳಬೇಡಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಗದಿದ್ದರೆ ನಮೂನೆ 10ರಲ್ಲಿ 'ಲಭ್ಯವಿಲ್ಲ' ಪ್ರಮಾಣಪತ್ರ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

3. ಕೊಡದಿದ್ದರೆ ಮೇಲ್ಮನವಿ ಇದೆ. 2023ರ ತಿದ್ದುಪಡಿ 25ಎ ಅನ್ನುವ ಹೊಸ ಸೆಕ್ಷನ್ ಸೇರಿಸಿದೆ. ನೋಂದಣಾಧಿಕಾರಿಯ ಕ್ರಮ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬಹುದು, ಅವರು 90 ದಿನದೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯದ ಮುಖ್ಯ ನೋಂದಣಾಧಿಕಾರಿ ಇದ್ದಾರೆ.

4. ಹಳೆಯ ಕಾಗದಕ್ಕೆ ಬೆಲೆ ಹೆಚ್ಚು. ಶಾಲೆಯ ದಾಖಲಾತಿ ಪುಸ್ತಕದ ಪ್ರತಿ, ಟಿಸಿ, ಹಳೆಯ ಎಲ್ಐಸಿ ಪಾಲಿಸಿ, ಸೇವಾ ಪುಸ್ತಕ, ತಾಯಿ ಕಾರ್ಡ್ ಯಾವುದನ್ನೂ ಬಿಸಾಡಬೇಡಿ.

5. ಅಫಿಡವಿಟ್ ಬರೆಯುವವರು ಅರ್ಜಿದಾರರಿಗಿಂತ ಹಿರಿಯರಾಗಿರಲಿ, ಹುಟ್ಟಿದ್ದನ್ನು ಸ್ವತಃ ಬಲ್ಲವರಾಗಿರಲಿ. ಊರು, ತಂದೆ ಹೆಸರು, ತಾಯಿಯ ತವರಿನ ಹೆಸರು, ತಮಗೆ ಹೇಗೆ ಗೊತ್ತು ಎಲ್ಲ ಇರಲಿ. ನೋಟರಿ ಅಂಗಡಿಯಲ್ಲಿ ಅಚ್ಚು ಹಾಕಿಟ್ಟ ನಾಲ್ಕು ಸಾಲು ಸಾಲದು. ಅಮೆರಿಕದ ವಲಸೆ ಇಲಾಖೆ ಇಂಥ ಎರಡು ಅಫಿಡವಿಟ್ ಕೇಳುತ್ತದೆ.

6. ಹೆಸರು ಎರಡು ರೀತಿ ಇದ್ದರೆ 'ಇಬ್ಬರೂ ಒಬ್ಬರೇ' ಅನ್ನುವ ಅಫಿಡವಿಟ್ ಜೊತೆ ಎರಡೂ ಹೆಸರಿನ ಹಳೆಯ ದಾಖಲೆ ಇಡಿ. ದಿನಾಂಕ ಎರಡು ಇದ್ದರೆ ಒಂದನ್ನು ಬಚ್ಚಿಡಬೇಡಿ. ಯಾಕೆ ಎರಡಾಯಿತು ಅಂತ ಸರಳವಾಗಿ ಬರೆಯಿರಿ. ಸರಿಪಡಿಸುವುದಾದರೆ ಸುಳ್ಳನ್ನು ಸರಿಪಡಿಸಿ, ಸತ್ಯವನ್ನಲ್ಲ.

7. ಮನೆಯಲ್ಲಿ ಚಿಕ್ಕ ಮಗು ಇದ್ದರೆ ಈ ಕೆಲಸ ಇವತ್ತೇ. 21 ದಿನದೊಳಗೆ ನೋಂದಣಿ, ಆಮೇಲೆ ಹೆಸರು. ತಂದೆತಾಯಿಯ ಹೆಸರು ಅವರ ಆಧಾರ್, ಪಾಸ್‌ಪೋರ್ಟಿನ ಹಾಗೇ ಇದೆಯೇ ಅಂತ ಅಕ್ಷರ ಅಕ್ಷರ ನೋಡಿ. 2023ರ ಅಕ್ಟೋಬರ್ 1ರ ಆಮೇಲೆ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್ ಕಚೇರಿ ಮುಂದೆ ತೋರಿಸಲು ಬೇರೆ ಕಾಗದ ಇಲ್ಲ.

ಸರ್ಕಾರ ಮಾಡಬೇಕಾದದ್ದು

ನಮ್ಮ ಬೇಡಿಕೆ ದೊಡ್ಡದಲ್ಲ. ಹಳೆಯ ಜನನ ರಿಜಿಸ್ಟರ್‌ಗಳು ಮಣ್ಣಾಗುವ ಮೊದಲು ಪುಟ ಪುಟ ಸ್ಕ್ಯಾನ್ ಮಾಡಿಸಿ. ನಮೂನೆ 10 ಎಲ್ಲಿ, ಎಷ್ಟು ಶುಲ್ಕಕ್ಕೆ, ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಪ್ರತಿ ನಾಡಕಚೇರಿ ಗೋಡೆ ಮೇಲೆ ಬರೆಸಿ. ಪಿಂಚಣಿ ಅದಾಲತ್ ಹಾಗೆ ಹೋಬಳಿಗೊಂದು ಜನನ ದಾಖಲೆ ಅದಾಲತ್ ನಡೆಸಿ, ಹೆಸರಿಲ್ಲದ ದಾಖಲೆಗೆ ಹೆಸರು ಸೇರಿಸಿ, ಶಾಲೆಯ ದಿನಾಂಕಕ್ಕೂ ರಿಜಿಸ್ಟರ್ ದಿನಾಂಕಕ್ಕೂ ತಾಳೆ ಇಲ್ಲದವರ ಪಟ್ಟಿ ಮಾಡಿ. ಜೂನ್ 1 ಬರೆದದ್ದು ಸರ್ಕಾರಿ ಶಾಲೆಯ ಸರ್ಕಾರಿ ಪುಸ್ತಕದಲ್ಲಿ. ಅದನ್ನು ಸರಿಪಡಿಸುವ ಖರ್ಚು, ವಕೀಲರ ಫೀಸು, ಬಸ್ ಚಾರ್ಜು ಎಲ್ಲ ಆ ಮಗುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ದೊಡ್ಡಪ್ಪನಿಗೆ ನಮೂನೆ 10 ಸಿಕ್ಕಿತು. ಲಿಖಿತ ಅರ್ಜಿ, ಸ್ವೀಕೃತಿ, ನಾಲ್ಕು ಸಲ ಓಡಾಟ ಆದ ಮೇಲೆ. ಏಜೆಂಟಿಗೆ ಒಂದು ರೂಪಾಯಿ ಕೊಡಲಿಲ್ಲ. ಒಂದು ಅಫಿಡವಿಟ್‌ಗೆ ಅವರ ಅಕ್ಕ, ನಮ್ಮ ಸೋದರತ್ತೆ, ಹೆಬ್ಬೆಟ್ಟು ಒತ್ತಿದರು. 'ಬನದ ಹುಣ್ಣಿಮಿ ಹೊತ್ತಿಗೆ ಹುಟ್ಟಿದಾಂವ ಇಂವ, ತೊಟ್ಟಲಾ ನಾನ ತೂಗೇನಿ' ಅಂದರು. ಬನದ ಹುಣ್ಣಿಮೆ ಬರುವುದು ಚಳಿಗಾಲದಲ್ಲಿ, ಜೂನ್‌ನಲ್ಲಿ ಅಲ್ಲ. ಅದನ್ನೂ ಮುಚ್ಚಿಡಲಿಲ್ಲ. ಹುಟ್ಟಿದ ದಿನ ಮನೆಯಲ್ಲಿ ಯಾರೂ ಬರೆದಿಡಲಿಲ್ಲ, ಬನದ ಹುಣ್ಣಿಮೆ ಆಸುಪಾಸು ಅಂತ ನೆನಪು, ಶಾಲೆಯಲ್ಲಿ ಬರೆದ 1-6-1952 ಅನ್ನುವುದೇ ಎಲ್ಲ ಕಾಗದದಲ್ಲಿ ನಡೆದುಬಂದಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಸಿದೆವು.

ಕಡತ ಹೋಗಿದೆ. ಸಂದರ್ಶನದ ದಿನ ಇನ್ನೂ ಬಂದಿಲ್ಲ. ದೊಡ್ಡವ್ವ ಈಗಲೇ ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಸಿಟ್ಟಿದ್ದಾಳೆ.

ನಿಮ್ಮ ತಾಲ್ಲೂಕಿನಲ್ಲಿ 'ಇಲ್ಲ' ಅಂತ ಬರೆದುಕೊಡಲು ಕೋರ್ಟು ತೋರಿಸುತ್ತಿದ್ದರೆ, ದುಡ್ಡು ಕೇಳುತ್ತಿದ್ದರೆ ನಮಗೆ ಬರೆಯಿರಿ. ಅರ್ಜಿಯ ಸ್ವೀಕೃತಿ ಜೊತೆಗಿರಲಿ. ಒಂದೊಂದೇ ಕಚೇರಿಯ ಬಾಗಿಲಿಗೆ ಹೋಗಿ ಕೇಳೋಣ.